ಬಿಸಿನೀರಿನ ಚೀಲ

ಐಸ್ ಅಂಗಡಿಯ ಸಾಲಿನಲ್ಲಿ ನನ್ನ ಮುಂದೆ ಇಬ್ಬರಿದ್ದರು: ದೊಡ್ಡ ಬಕೆಟ್ ಹಿಡಿದ ವಯಸ್ಸಾದ ಟೈಲರು, ಮೀನು ಮಾರುವ ಹೆಂಗಸು.

"ಇಷ್ಟು ಐಸ್ ಯಾಕೆ ಟೈಲರಣ್ಣ, ನನ್ನ ವ್ಯಾಪಾರಕ್ಕೆ ಇಳಿದ್ರಾ?"

"ಬಿಯರ್ ಮಾಡ್ತಿದೀನಮ್ಮ, ಮನೇಲೇ. ಕುದಿಸಿದ ಬಾರ್ಲಿ ರಸ ಬೇಗ ಆರ್ಬೇಕು, ಇಲ್ದಿದ್ರೆ ಕೆಡುತ್ತೆ."

"ಪಾತ್ರೆ ಎತ್ತಿ ನೀರಿನ ತೊಟ್ಟೀಲಿ ಇಡೋದಪ್ಪ."

"ಹಾಗೇ ಇಡ್ತಿದ್ವಿ. ಪಾತ್ರೆಯ ಒಂದು ಹಿಡಿ ನಾನು, ಇನ್ನೊಂದು ನನ್ನ ಹೆಂಡ್ತಿ. ಅವಳು ತೀರಿಹೋದ್ಮೇಲೆ ಇಪ್ಪತ್ತು ಲೀಟರ್ ಒಬ್ನೇ ಎತ್ತಕ್ಕಾಗಲ್ಲ."

"ಮತ್ತೆ?"

"ಈ ಸಲ ಪಾತ್ರೆಗೆ ಒದ್ದೆ ಚಾದರ ಸುತ್ತಿ, ಮೇಲೆ ಐಸ್ ಸುರಿದು, ಫ್ಯಾನ್ ಹಾಕ್ತೀನಿ."

"ಪಾತ್ರೆಗೇ ಜ್ವರ ಬಂದ ಹಾಗಾಯ್ತು. ಹೋದ ಸಲ ಏನ್ಮಾಡಿದ್ರಿ?"

"ಮುಲಾಮು ಹಚ್ಚಿ ಅವಳ ಸೊಂಟಕ್ಕೆ ಇಡ್ತಿದ್ವಲ್ಲ, ಬಿಸಿನೀರಿನ ರಬ್ಬರ್ ಚೀಲ. ಅದರಲ್ಲೇ ನೀರು ತುಂಬಿ, ಫ್ರೀಜರಲ್ಲಿ ಗಟ್ಟಿ ಮಾಡಿ, ರಸದೊಳಗೆ ಇಳಿಬಿಟ್ಟೆ."

"ಅಯ್ಯೋ ದೇವ್ರೇ. ಆರಿತಾ?"

"ಆರಿತು. ಆದ್ರೆ ಬಿಯರೆಲ್ಲ ಅವಳ ಮುಲಾಮಿನ ವಾಸನೆ."

"ಚೆಲ್ಲಿದ್ರಿ ತಾನೆ?"

"ಇಲ್ಲ. ದಿನಾ ಸಂಜೆ ಒಂದೊಂದು ಬಾಟ್ಲಿ ಕುಡಿದೆ. ಮೊನ್ನೆ ಮುಗೀತು."



"ಮತ್ತೆ ಆ ಚೀಲಾನೇ ಇಳಿಬಿಡಿ ಅಣ್ಣ. ಕುಡಿಯೋರು ನೀವೊಬ್ರೇ ಅಲ್ವಾ?"

"ನೋಡ್ದೆ ಕಣಮ್ಮ. ಮೂಗಿಗೆ ಹಿಡಿದು ನೋಡ್ದೆ. ಬಿಸಿ ರಸದಲ್ಲಿ ವಾಸನೆಯೆಲ್ಲಾ ಬಿಟ್ಟುಬಿಟ್ಟಿದೆ. ಈಗ ಬರೀ ರಬ್ಬರು."

ಅಂಗಡಿಯವನು ಬಕೆಟ್ ತುಂಬಿಸಿ ಕೊಟ್ಟ.

"ಬರ್ತೀನಮ್ಮ. ಕರಗೋದ್ರೊಳಗೆ ಮನೆ ಸೇರ್ಬೇಕು."

ನಾಲ್ಕು ಹೆಜ್ಜೆಗೊಮ್ಮೆ ಬಕೆಟ್ ಕೆಳಗಿಟ್ಟು, ಕೈ ಬದಲಿಸಿಕೊಂಡು ನಡೆದರು.