ಕೆಂಪು ಬಟ್ಟಲಿನ ಅಡಿ

...ಹಂಗಂದಿದ್ದು ನೀನಲ್ಲ ಮಾರಾಯ್ತಿ, ನಿಮ್ಮಪ್ಪ! ನಂಗೆ ಕುಂಬಾರಿಕೆ ಕಲಿಸಿದ ಯಜ್ಞನಾರಾಯಣ ಮೇಷ್ಟ್ರು! "ವೇದಾ, ಹೂಕುಂಡ ಮಾಡ್ಕೊಂಡಿರು, ಚೀನಾದ ಕೆಂಪು ಪಿಂಗಾಣಿ ನಿನ್ನ ಕೈಲಾಗಲ್ಲ" ಅಂದಿದ್ರು. ಈಗ ಅವರ ಮಗಳೇ ಗೋಪಾಳದಿಂದ ಭದ್ರಾವತಿಗೆ ಬಂದು ನನ್ನ ಶೆಡ್ಡಲ್ಲಿ ಕೂತಿದ್ದಾಳೆ, ಪ್ರದರ್ಶನಕ್ಕೆ ನನ್ನ ಕೆಂಪು ಬಟ್ಟಲು ಬೇಕು ಅಂತ! ಯಾಕೆ ನಗ್ತೀಯ ಮಾನಸ?

ಅಗೋ, ಕಿಟಕಿ ಹತ್ರ. ಮುಟ್ಟಬೇಡ... ಅಲ್ಲಿಂದಲೇ ನೋಡು. ಅಂಚಲ್ಲಿ ಬಿಳಿ ಗೆರೆ, ಕೆಳಗಿಳೀತಾ ಇಳೀತಾ ಆಗತಾನೆ ಕೊಯ್ದ ಕೋಳಿ ರಕ್ತ. ನಿಮ್ಮನೇಲಿ ಹಂಗನ್ನಬಾರದೇನೋ! ಚೀನಾದ ದೊರೆಗಳು ಸೂರ್ಯನ ಪೂಜೆಗೆ ಈ ಬಣ್ಣದ ಪಾತ್ರೆನೇ ಇಡ್ತಿದ್ರಂತೆ. ನಮ್ಮ ಕುಂಕುಮದ ಹಾಗೆ.

ಹೆಂಗೆ ಬಂತು ಅಂತೀಯಾ? ನೀನು ಚೀನಾಕ್ಕೇ ಹೋಗಿ ಕಲಿತೋಳು. ನಾನು ಲೈಬ್ರರಿ ಪುಸ್ತಕ ತಂದು, ಪಕ್ಕದಲ್ಲಿ ಡಿಕ್ಷನರಿ ಇಟ್ಕೊಂಡು ಕಲಿತೋಳು. ಬಣ್ಣ ಕೊಡೋದು ತಾಮ್ರ. ಗಾಳಿ ಸಿಕ್ರೆ ಹಸಿರು, ಬೆಂಕಿಗೆ ಉಸಿರು ಕಟ್ಟಿಸಿದ್ರೆ ಕೆಂಪು. ಪಾತ್ರೆ ಸುಡೋ ಗೂಡು ತಣ್ಣಗಾಗೋ ತನಕ ಬಾಗಿಲು ತೆಗೀಬಾರದು. ಅಷ್ಟೇ! ...ತೆಗೀತೀನಿ ನಾನು. ಇಣುಕದೆ ಇರಕ್ಕಾಗಲ್ಲ. ನಿನ್ನ ಕೆಂಪು ಬಟ್ಟಲಿನ ಫೋಟೋ ಪೇಪರಲ್ಲಿ ಬಂದ ದಿನವಂತೂ... ಹೋಗ್ಲಿ ಬಿಡು.

ಅಯ್ಯೋ, ಆ ಹಸಿರು ಬಟ್ಟಲು ಯಾಕೆ ಎತ್ಕೊಂಡೆ? ಕೋಳಿಗೆ ನೀರಿಡೋದು ಕಣೇ ಅದು! ಕೆಟ್ಟು ಹೋದವು, ಮೂಲೆ ತುಂಬ ಅವೇ. ಇಳಿಸು. ಬೆಳಕಿಗೆ ಹಿಡಿದು ಏನು ನೋಡ್ತೀಯ? ನಂಗೆ ಕನಿಕರ ಬೇಡ. ಕೆಂಪು ನೋಡು ಅಂದ್ರೆ...

ಯಾಕೆ ಆ ಕಡೆ ನೋಡ್ತಾನೇ ಇಲ್ಲ?

ಯಾರ ಪಾತ್ರೆ ಕಂಡ್ರೂ ಮೊದಲು ಬೋರಲು ಹಾಕಿ ಅಡಿ ನೋಡೋಳು ನೀನು. ಈ ಹಸಿರಿಂದೂ ನೋಡ್ದೆ. ಆ ಕೆಂಪಿಂದು ಕೇಳಲೇ ಇಲ್ಲ. ಮುಟ್ಟಬೇಡ ಅಂದಿದ್ದಕ್ಕಾ? ...ಅಲ್ವಾ? ಒಳಗೆ ಕಾಲಿಟ್ಟಾಗಲೇ ಗೊತ್ತಾಯ್ತಾ?



...ಹೂಂ. ವಿನೋಬನಗರದ ನಿನ್ನ ಅಂಗಡಿಯಿಂದಲೇ, ಪಕ್ಕದ್ಮನೆ ಲಿಖಿತಾ ಕೈಲಿ ತರಿಸಿದ್ದು. ಅಡಿಯಲ್ಲಿ ನಿನ್ನ ಹೆಬ್ಬೆರಳಿನ ಗುರುತಿದೆ. ಉಜ್ಜಿದೆ, ಉಜ್ಜಿದೆ... ಹಸಿ ಮಣ್ಣಲ್ಲಿ ಒತ್ತಿ ಸುಟ್ಟಿದ್ದು, ಉಜ್ಜಿದ್ರೆ ಹೋಗುತ್ತಾ?

ಈ ಶೆಡ್ ನಂದು. ಗೂಡು ನಂದು. ಮೂಲೇಲಿರೋ ಹಸಿರು, ಅಷ್ಟೂ ನಂದು. ಕೆಂಪು ನಿಂದು. ಅದನ್ನ ಕಿಟಕೀಲಿಟ್ಟ ದಿನದಿಂದ ನಾನು ಗೂಡು ಹೊತ್ತಿಸಿಲ್ಲ.