ದೇವರಿಲ್ಲದ ಗುಡ್ಡ

ಪರದೇಶದ ಪಿಕರಿಂಗ್ ಊರಿನ ಕ್ಲಿನಿಕ್ಕಿನಲ್ಲಿ ಸರದಿಗೆ ಕಾದಿದ್ದ ದೀಪ್ತಿಯ ಕಿವಿಗೆ ಪಕ್ಕದ ತಾಯಿ ಮಗಳ ಪಿಸುಮಾತು ಬಿತ್ತು.

“ಅಕ್ಷರಾ, ನನ್ನ ಮೊಳಕಾಲು ನೋಯ್ತೈತಿ ಅಂತ ಡಾಕ್ಟರ್‌ಗೆ ಹೇಳಬ್ಯಾಡ.”

“ಅದಕ್ಕ ಬಂದೀವಲ್ಲಬೇ!”

“ಹೇಳಿದ್ರ ಫ್ರಾನ್ಸಿಗೆ ಹೋಗಬ್ಯಾಡ ಅಂತಾರ.”

“ಅಲ್ಲಿ ನಾವು ಇಳಕೊಳ್ಳೋ ಹಳ್ಳಿ ಗುಡ್ಡದ ಮ್ಯಾಲ ಐತಿ ಅವ್ವಾ. ಕಾರ್ ಹೋಗಂಗಿಲ್ಲ. ರೂಮಿಗೆ ನೂರಾಹತ್ತು ಮೆಟ್ಲ. ನಾಲ್ಕ ದಿನಕ್ಕ ಯಾಕಿಷ್ಟು ಹಟ? ಕ್ಯಾನ್ಸಲ್ ಮಾಡ್ತೀನಿ.”

“ನಿಮ್ಮಪ್ಪನ ಕೂಡ ಎಷ್ಟು ಗುಡ್ಡ ಹತ್ತೀನಿ! ಎಲ್ಲಾ ಹರಕೀಗೆ, ಉಪವಾಸ, ಬರಿಗಾಲೀಲೆ. ಒಮ್ಮೆ ದೇವರಿಲ್ಲದ ಗುಡ್ಡ ಹತ್ತಿ, ಕುಂತು ಕಾಫಿ ಕುಡೀಬೇಕು.”

“ಅಲ್ಲೂ ಚರ್ಚ್ ಐತಿ.”

“ಇರಲಿ. ಅಲ್ಲಿ ನಾ ಏನೂ ಹರಕಿ ಹೊತ್ತಿಲ್ಲ.”

ನರ್ಸ್ “ಗುರುಬಸವ್ವ” ಎಂದು ತಡವರಿಸಿ ಕರೆದಳು. ತಾಯಿ ಊರುಗೋಲನ್ನು ಮಗಳ ಮಡಿಲಿಗೆ ಹಾಕಿ, ಕುರ್ಚಿ ಹಿಡಿಯದೆ ಎದ್ದರು. ಬಿದ್ದಾರೆಂದು ದೀಪ್ತಿ ಅರ್ಧ ಎದ್ದಳು. ಅವರು ನೆಟ್ಟಗೆ ನಡೆದರು. ಅಕ್ಷರಾ ಕೋಲನ್ನು ಕೋಟಿನಡಿ ಮರೆಮಾಡಿಕೊಂಡು ಹಿಂದೆಯೇ ಹೋದಳು.