ಹಲ್ಲಿ ನುಡಿದದ್ದು

ಶಿರಸಿ ಬಸ್ ನಿಲ್ದಾಣದಲ್ಲಿ ಹುಲೇಕಲ್ ಬಸ್ಸಿಗೆ ಕಾಯುತ್ತಿದ್ದ ಸೌಮ್ಯಳ ಪಕ್ಕದಲ್ಲಿ ಅತ್ತೆ, ಸೊಸೆ ಬಂದು ಕೂತರು. ಸೊಸೆಯ ಮಡಿಲಲ್ಲಿ ಹೊಸ ಹಾರ್ಡ್ ಡಿಸ್ಕಿನ ಡಬ್ಬಿಯಿತ್ತು.

“ಕೆಟ್ಟ ಹಳೇ ಡಿಸ್ಕ್ ಇನ್ನೊಂದ ಸಲ ನಡದ್ರ ಸಾಕ್ರಿ ಅತ್ತಿ. ನಮ್ಮವ್ವ ಇದ್ದಾಗಿನ ವಿಡಿಯೊ ಅದರಾಗಷ್ಟ ಐತಿ. ಇದಕ್ಕ ಇಳಿಸ್ಕೊಂಡಬಿಡ್ತೀನಿ.”

“ಬರತೈತಿ ಬಿಡವ್ವ. ನಿನ್ನೆ ನಾ ಹಂಗ ಅಂದಾಗ ಹಲ್ಲಿ ನುಡೀಲಿಲ್ಲೇನು?”



“ಅದು ಹಲ್ಲಿ ಅಲ್ರಿ ಅತ್ತಿ. ಡಿಸ್ಕ್ ಕೆಟ್ಟಾಗ ಹಂಗ ಲೊಚಗುಟ್ಟತೈತಿ. ನೀವು ಪ್ರತಿ ಸಲ ನೆಲಾ ಕುಟ್ಟಿ ‘ಖರೆ, ಖರೆ’ ಅಂತಿದ್ರಿ. ನಾ ಹೆಂಗ ಹೇಳ್ಲಿ?”

“ಹಲ್ಲಿ ಗ್ವಾಡಿ ಮ್ಯಾಲ ನುಡೀತೈತಿ, ಮೇಜಿನ ಮ್ಯಾಲಲ್ಲ. ಅಷ್ಟೂ ತಿಳಿಯಂಗಿಲ್ಲೇನ ನನಗ?”

“ಮತ್ಯಾಕ ಕುಟ್ಟಿದ್ರಿ?”

“ಮುಂಜಾನಿಂದ ಉಣ್ಣದ ಅದರ ಮುಂದ ಕುಂತಿದ್ದಿ. ನಾ ಕುಟ್ಟಿದ ಮ್ಯಾಲ ನಕ್ಕಿ, ಎರಡು ರೊಟ್ಟಿ ತಿಂದಿ.”

ಸೊಸೆ ಅತ್ತೆಯ ಭುಜಕ್ಕೆ ತಲೆಯಾನಿಸಿದಳು.

“ಇವತ್ತೂ ಕುಟ್ತೀರೇನ್ರಿ?”

“ಕೈ ನೋಯೋತನಾ ಕುಟ್ತೀನಿ. ಏಳು, ಬಸ್ ಬಂತು.”

ಇಬ್ಬರೂ ಬನವಾಸಿ ಬಸ್ಸು ಹತ್ತಿದರು. ಡಬ್ಬಿ ಈಗ ಅತ್ತೆಯ ಕಂಕುಳಲ್ಲಿತ್ತು. ಬಸ್ಸು ತಿರುವಿನಲ್ಲಿ ಮರೆಯಾದ ಮೇಲೆ, ಎಲ್ಲಿಯೂ ಹಲ್ಲಿ ನುಡಿಯದಿದ್ದರೂ, ಸೌಮ್ಯ ತಾನು ಕೂತ ಬೆಂಚನ್ನು ಮೆಲ್ಲಗೆ ಎರಡು ಸಲ ಕುಟ್ಟಿದಳು.